ಎತ್ತಬಲ್ಲಷ್ಟು ಭಾರ

ಅಂಗಡಿಯ ನಿಬಾಲ್ದೋ ಕೇಳಿದ:
ದೊಡ್ಡದು ಬೇಡವೇ, ಓತಿಲಿಯಾ?
ನಿಂತಿತ್ತು ಅಲ್ಲಿ ಸಾವಿರದ ಇನ್ನೂರು ಸಿಸಿಯದು
ಮೆರವಣಿಗೆಯ ಕುದುರೆಯ ಹಾಗೆ ಎದೆಯುಬ್ಬಿಸಿ.
ನಾನು ಪಕ್ಕದ್ದನ್ನು ಮೆಲ್ಲಗೆ ನೆಲಕ್ಕೆ ಮಲಗಿಸಿದೆ.
ಅಯ್ಯೋ ಅಂದ ಅವನು.
ಬೆನ್ನು ಅದಕ್ಕೆ ಕೊಟ್ಟು, ಕುಕ್ಕರುಗಾಲಲ್ಲಿ ಕೂತು,
ಹಿಂದುಹಿಂದಕ್ಕೆ ಹೆಜ್ಜೆಯಿಟ್ಟು ಎತ್ತಿ ನಿಲ್ಲಿಸಿದೆ.
ಇದೇ ಸಾಕು, ಅಂದೆ. ಬಿಲ್ಲು ಬರಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ನಾನು ಕಾಲು ಇದ್ದಷ್ಟು ಎತ್ತರದ ಸೀಟು ಕೊಂಡೆ.
ಐವತ್ತೆಂಟರ ಮಂಡಿ, ಏಳುನೂರರ ಎಂಜಿನ್ನು:
ಬೆಳಿಗ್ಗೆ ಬಿಸಿಯಾಗಲು ಎರಡಕ್ಕೂ ಸ್ವಲ್ಪ ಹೊತ್ತು ಬೇಕು.
ಭಾನುವಾರ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ
ಚೈನಿನ ಒಂದೊಂದೇ ಕೊಂಡಿ ತಿಕ್ಕುತ್ತೇನೆ.
ಅಕ್ಕ ಓರ್ತೆನ್ಸಿಯಾ ಕಿಟಕಿಯಿಂದ ಶಿಲುಬೆ ಗೀರುತ್ತಾಳೆ.
ಹದಿನೇಳು ಲೀಟರ್ ಟ್ಯಾಂಕು. ಮುಂದಿನ ಬಂಕು ಮುಚ್ಚಿದ್ದರೂ
ಅದರ ಮುಂದಿನದನ್ನು ಮುಟ್ಟುತ್ತದೆ.

ಇಪ್ಪತ್ತಮೂರು ವರ್ಷ, ಐಸೇನ್ ಪ್ರಾಂತ್ಯದ ಪುಟ್ಟ ರೇಡಿಯೋದಲ್ಲಿ
ಮಧ್ಯಾಹ್ನ ಒಂದು ಗಂಟೆಗೆ ನಾನು ಓದಿದ್ದು ಬರೀ ಚೀಟಿಗಳು,
ಫೋನಿಲ್ಲದ ಕಣಿವೆಗಳಿಗೆ:
ಹೊಳೆಯಾಚೆಯ ದೋನ್ ಎಲಿಬೆರ್ತೋಗೆ, ಮಾತ್ರೆ
ಗುರುವಾರದ ಬಸ್ಸಿಗೆ ಬರುತ್ತದೆ, ಕುದುರೆ ಕಳಿಸಿ.
ಬಾರ್ರಿಯಾ ಮನೆಯವರಿಗೆ, ಹೆಣ್ಣು ಮಗು,
ಮೂರು ಕಿಲೋ, ಇಬ್ಬರೂ ಕ್ಷೇಮ.
ಹೆಸರು ಗೊತ್ತು. ಮುಖ ಗೊತ್ತಿಲ್ಲ.
ನನ್ನ ದನಿ ಅವರ ಒಲೆಯ ಪಕ್ಕ ಕೂತು ಬಂದಿದೆ,
ನಾನು ಮಾತ್ರ ಹೋಗಿಲ್ಲ.

ಈಗ ಹೋಗುತ್ತೇನೆ.

ಜಲ್ಲಿ ರಸ್ತೆಗೆ ನಾವು ರಿಪಿಯೋ ಅನ್ನುತ್ತೇವೆ.
ಬಟ್ಟೆಯೊಗೆಯುವ ಹಲಗೆಯಂತೆ ಏಣೇಣು.
ಮೊದಮೊದಲು ಹ್ಯಾಂಡಲ್ಲನ್ನು
ಕೋಳಿಯ ಕತ್ತು ಹಿಡಿದಂತೆ ಹಿಡಿದೆ.
ಆಮೇಲೆ ತಿಳಿಯಿತು: ಪೆಗ್ಗಿನ ಮೇಲೆ ಎದ್ದು ನಿಲ್ಲಬೇಕು,
ಕೈ ಸಡಿಲ ಬಿಡಬೇಕು, ಮುಂದಿನ ಚಕ್ರ
ತನಗೆ ತೋಚಿದ ಕಡೆ ಒಂದಿಷ್ಟು ಅಲೆಯಲಿ.
ಗಾಳಿ ಮಾತ್ರ ಯಾರ ಮಾತೂ ಕೇಳದು.
ಸರೋವರದ ತಿರುವಿನಲ್ಲಿ ಹೆಗಲು ಕೊಟ್ಟು ತಳ್ಳುತ್ತದೆ;
ನೆಟ್ಟನೆಯ ದಾರಿಯಲ್ಲೂ ವಾಲಿಕೊಂಡೇ ಹೋಗುತ್ತೇವೆ
ಕುಡಿದವನನ್ನು ಮನೆಗೆ ನಡೆಸುವ ಹೆಂಡತಿಯ ಹಾಗೆ.
ಆ ನಡಿಗೆಯೂ ನನಗೆ ಗೊತ್ತು. ಇರಲಿ.

ನವೆಂಬರಿನಲ್ಲಿ ದಾರಿಬದಿ ಒಬ್ಬ ಜರ್ಮನ್,
ಮೂರು ಅಲ್ಯೂಮಿನಿಯಂ ಪೆಟ್ಟಿಗೆ, ಬಿದ್ದ ಬೈಕಿನ ಪಕ್ಕ
ಚಹಾ ಕಾಯಿಸುತ್ತ ಕೂತಿದ್ದ, ಎರಡು ಗಂಟೆಯಿಂದ,
ಯಾರಾದರೂ ಬರಲೆಂದು.
ಇಬ್ಬರೂ ಸೇರಿ ಎತ್ತಿದೆವು.
ಆಮೇಲೆ ನನ್ನದರ ಕಡೆ ನೋಡಿದ,
ಹಸಿದವನು ಪಕ್ಕದ ತಟ್ಟೆ ನೋಡಿದಂತೆ.

ಹೊಳೆ ದಾಟಿ ಕಾಲುದಾರಿ. ಮೂರು ಗೇಟು,
ತೆರೆದು, ನುಗ್ಗಿ, ಮುಚ್ಚಿ.
ನಾಲ್ಕನೆಯದರಲ್ಲಿ ಬಿದ್ದೆ. ಕೆಸರು. ಎಡಗನ್ನಡಿ ಹೋಯಿತು.
ಎಂಜಿನ್ ಆರಿಸಿ, ಬೆನ್ನು ಕೊಟ್ಟು, ಕುಕ್ಕರುಗಾಲು,
ಹಿಂದಕ್ಕೆ, ಇನ್ನೂ ಹಿಂದಕ್ಕೆ.
ಎತ್ತಿ ನಿಲ್ಲಿಸಿ ನೋಡಿದರೆ ಬೇಲಿಯಾಚೆ ಒಬ್ಬ ಮುದುಕ,
ಕಪ್ಪು ಟೋಪಿ, ಎರಡು ನಾಯಿ. ಅಲುಗಿರಲಿಲ್ಲ.
ಎತ್ತುತ್ತೀಯೋ ಇಲ್ಲವೋ ನೋಡೋಣ ಅಂತ, ಅಂದ.
ಹೆಲ್ಮೆಟ್ ತೆಗೆಯದೆಯೇ ಬಯ್ದೆ.
ಬೈಗುಳ ಮುಗಿಯುವ ಮೊದಲೇ ಅವನ ಟೋಪಿ ಕೈಗಿಳಿಯಿತು:
ಓಹೋ. ಒಂದು ಗಂಟೆಯ ಹೆಂಗಸು.

ಮಾತ್ರೆ ತಲುಪಿತ್ತಾ, ಅಂದೆ.
ಯಾವುದು? ಆ ದೊಡ್ಡ ಹಿಮದ ವರ್ಷದ್ದಾ?
ತಲುಪಿತು. ಕಹಿ ಇತ್ತು.

ಒಳಗೆ ಒಲೆ. ಪಕ್ಕದಲ್ಲೇ ರಬ್ಬರ್ ಬ್ಯಾಂಡು ಬಿಗಿದ ರೇಡಿಯೋ;
ಅದನ್ನು ಸರಿಸಿ ನನಗೆ ಜಾಗ ಮಾಡಿದ.
ಯೆರ್ಬಾ ಸೊಪ್ಪಿನ ಚಹಾ, ಒಂದೇ ಬುರುಡೆ,
ಅವನಿಗೊಂದು ಗುಟುಕು, ನನಗೊಂದು.
ಹೊರಗೆ ತಣಿಯುವ ಎಂಜಿನ್ನಿನ ಟಿಕ್ ಟಿಕ್.
ಒಂದು ನಾಯಿ ಅದಕ್ಕೆ ಬೆನ್ನು ಕೊಟ್ಟು ಮಲಗಿತು.
ಇನ್ನೊಂದು ಹಿಂದಿನ ಟೈರಿಗೆ ಕಾಲೆತ್ತಿತು.