ಬೈತಖೋಲದ ಎಣಿಕೆ

ಮುಕ್ತಾರಣ್ಣನ ಅಂಗಡಿಯಲ್ಲಿ ಫೋನು ಬಿಚ್ಚುವ ಮೊದಲು
ಒಂದು ಗೆರೆ ಎಳೆಯಬೇಕು.
ಯಾವುದೋ ಬೋಟಿನ ಹಳೆಯ ಡೀಸೆಲ್ ಲೆಕ್ಕದ ಪುಸ್ತಕ,
ಹಿಂಬದಿಯ ಖಾಲಿ ಹಾಳೆ,
ಎಡಕ್ಕೆ ಆವೃತ್ತಿ, ಬಲಕ್ಕೆ ಗೆರೆ.
ನಾಲ್ಕು ನಿಲ್ಲಿಸಿ ಐದನೆಯದನ್ನು ಅಡ್ಡ ಹೊಡೆ,
ಧಕ್ಕೆಯ ಮೇಲೆ ಬುಟ್ಟಿ ಎಣಿಸುವ ಹಾಗೆ.
"ಯಾವ ಡಿಸ್‌ಪ್ಲೇ ತರಿಸಬೇಕು ಅಂತ ಗೊತ್ತಾಗ್ತದೆ" ಅಂದಿದ್ದ.
ನನಗೆ ಗೊತ್ತಾದದ್ದು ಬೇರೆ.

ಮೊದಲು ಅವಕ್ಕೆಲ್ಲ ಸಿಹಿತಿಂಡಿಯ ಹೆಸರು.
ಕಿಟ್‌ಕ್ಯಾಟ್, ಲಾಲಿಪಾಪ್, ಓರಿಯೊ.
"ನಿಮ್ಮದು ಲಾಲಿಪಾಪಾ?" ಎಂದು ಕೇಳಿದ್ದಕ್ಕೆ
ಉಪ್ಪುಗೈಯ ಖಲಾಸಿಯೊಬ್ಬ
"ಇಲ್ಲ, ಮಕ್ಕಳು ಮನೇಲಿದ್ದಾರೆ" ಅಂದ.
ಆಮೇಲೆ ಸಿಹಿ ತೀರಿತು.
ಹತ್ತು, ಹನ್ನೊಂದು, ಹನ್ನೆರಡು,
ದೋಣಿಯ ಮೂತಿಗೆ ಬಳಿದಂಥ ಬರೀ ಅಂಕಿ.

ಹೊಸದು ಬರುವುದು ಅರ್ಗಾದ ಗೇಟಿನಿಂದ,
ನೇವಿಯ ಹುಡುಗರ ಕಿಸೆಯಲ್ಲಿ,
ಮೇಲಿನ ತೆಳು ಪ್ಲಾಸ್ಟಿಕ್ಕನ್ನೂ ಸುಲಿಯದೆ.
ಎರಡು ವಾರ ಆ ಸಾಲಿನಲ್ಲಿ ಒಂದೇ ಗೆರೆ
ಕಡಲ ನಡುವಿನ ಕೂವೆಕಂಬದಂತೆ.
ಆಮೇಲೆ ಕಾಜುಬಾಗದ ಕಾಲೇಜು ಹುಡುಗಿಯರು,
ಬೋನಸ್ಸು ಕಂಡ ಬ್ಯಾಂಕಿನವರು,
ಬಂದ್ ಮುಗಿದು ಮೊದಲ ಬಂಗಡೆಯ ದುಡ್ಡು ಕೈಗೆ ಬಿದ್ದಾಗ
ಟ್ರಾಲರಿನ ತಾಂಡೇಲರು.
ನಡುವಿನ ಸಾಲುಗಳು ಹೊಟ್ಟೆ ಬಿಟ್ಟುಕೊಂಡು
ಹಾಳೆಯ ಅಂಚಿಗೆ ತಾಗುತ್ತವೆ.

ತಳದ ಸಾಲು ಮಾತ್ರ ಒಣಗುವುದಿಲ್ಲ.
ನೀರು ಇಳಿದ ಮೇಲೂ ಬಂಡೆಸಂದಿಯಲ್ಲಿ ಅಷ್ಟಿಷ್ಟು ಉಳಿದಿರುತ್ತದಲ್ಲ,
ಬಗ್ಗಿ ನೋಡಿದರೆ ಒಳಗೆ ಏಡಿ.

ಆರು ಅಂದರೆ ಶೇವಂತಿ ಹರಿಕಂತ್ರ,
ಮೀನು ಮಾರ್ಕೆಟ್ಟಿನ ಮೂರನೇ ಕಟ್ಟೆ.
ಒದ್ದೆ ಬೆರಳು ಗಾಜಿಗೆ ತಿಳಿಯದೆಂದು
ಮೂಗಿನ ತುದಿಯಿಂದ ಕರೆ ಎತ್ತುವವಳು.
ಹಸಿರು ಗುಂಡಿ ಎಲ್ಲಿದೆಯೆಂದು ಮೂಗಿಗೆ ಬಾಯಿಪಾಠ.
"ಹೊಸದರಲ್ಲಿ ಒತ್ತಿದರೆ ಆಗೂದಿಲ್ಲಂತೆ, ಹೌದನಾ?"
ಹೌದು, ಉಜ್ಜಬೇಕು.
"ಊರೆಲ್ಲ ನೋಡೂವಾಗ ಮೂಗು ಉಜ್ಜಲಾ ನಾನು?
ಸಾಲ ಕೇಳೂಕೂ ಉಜ್ಜಲಿಲ್ಲ."

ಜುಲೈಯಲ್ಲಿ ಬ್ಯಾಂಕಿನ ಆ್ಯಪು ಆರರ ಮೇಲೆ ನಿಂತುಹೋಯಿತು.
ಓದಿ ಹೇಳು ಅಂದಳು, ಓದಿದೆ:
ಈ ಸಾಧನಕ್ಕೆ ಇನ್ನು ಮುಂದೆ ಬೆಂಬಲವಿಲ್ಲ.
ಮತ್ತೊಮ್ಮೆ ಓದು ಅಂದಳು.
ಪಕ್ಕದಲ್ಲಿ ನಿಂತಿದ್ದ ತೋಡೂರಿನ ದತ್ತಾರಾಮ,
ಅರ್ಗಾದ ಬೇಲಿ ಆಗುವ ಮುಂಚಿನವನು,
"ನಮ್ಮ ಊರಿಗೂ ಇಂಥದೇ ಒಂದು ಕಾಗದ ಬಂದಿತ್ತು" ಅಂದ.
ಯಾರೂ ನಗಲಿಲ್ಲ.
ಅವನದು ಏಳು. ಚಾರ್ಜಿಂಗ್ ಪಿನ್ನು ಸಡಿಲ, ಅಷ್ಟೆ.

ಹಾಳೆ ತಿರುವಿ ತಿರುವಿ ನೋಡಿದ ಮುಕ್ತಾರಣ್ಣ
ಸೆಕೆಂಡ್ ಹ್ಯಾಂಡಿನ ಹನ್ನೊಂದೊಂದನ್ನು ಎರಡು ಸಾವಿರದೆಂಟುನೂರಕ್ಕೆ ಕೊಟ್ಟ,
ಪ್ರತಿ ಶನಿವಾರ ನೂರರಂತೆ.
ಅದೀಗ ಐಸಿನ ಪೆಟ್ಟಿಗೆಯ ಮೇಲಿನ ಮೊಳೆಯಲ್ಲಿ
ಪ್ಲಾಸ್ಟಿಕ್ ಚೀಲದೊಳಗೆ ನೇತಾಡುತ್ತದೆ,
ದುಡ್ಡಿನ ಮಾತಿಗೆ ಮಾತ್ರ.
ಸೊಂಟದ ಸಂಚಿಯಲ್ಲಿ ಅದೇ ಆರು.

ಹನ್ನೊಂದಕ್ಕೆ ಗೆರೆ ಹಾಕಿದೆ.
ಆರರದ್ದು ಹೊಡೆದುಹಾಕಲೋ?
ದಾಟಿ ಬಂದವಳೂ ಅವಳೇ, ದಾಟದೆ ಕೂತವಳೂ ಅವಳೇ,
ಒಬ್ಬಳು ಎರಡು ಸಾಲಿನಲ್ಲಿ.
ಹುಬ್ಬಳ್ಳಿಯ ಡಿಸ್ಟ್ರಿಬ್ಯೂಟರ್ ತಂದ ಬಣ್ಣದ ಚಿತ್ರದಲ್ಲಿ
ಹೊಸದೆಲ್ಲ ಹಬ್ಬದ ಸೀರೆಯ ಪಟ್ಟಿ,
ತಳಕ್ಕೆ ಉಗುರಿನಷ್ಟು ದಪ್ಪದ ಬೂದು, "ಇತರೆ".
"ಇವರು ಇನ್ನೊಂದು ವರ್ಷ, ಅಷ್ಟೇ" ಅಂದು ಚಹಾ ಕುಡಿದು ಹೋದ.
ಕಳೆದ ವರ್ಷವೂ ಅದನ್ನೇ ಅಂದಿದ್ದ.

ನನ್ನ ಫೋನಿಗೆ ಯಾರೂ ಗೆರೆ ಎಳೆದಿಲ್ಲ.
ಅಪ್‌ಡೇಟ್ ಸಿದ್ಧವಿದೆ, ರಾತ್ರಿ ಎರಡಕ್ಕೆ ಆಗಬಹುದೇ, ಎನ್ನುತ್ತದೆ ದಿನಾ.
"ನಂತರ" ಒತ್ತುತ್ತೇನೆ.

ನಿನ್ನೆ ಸಂಜೆ ಏಟಿಗೆ ತರಲು ಹೋಗಿದ್ದೆ.
ಮೊಳೆಯ ಮೇಲಿನ ಹನ್ನೊಂದು, ಓದುಬಂದ ಹೆಂಗಸಿನ ದನಿಯಲ್ಲಿ,
ನೂರ ಎಂಬತ್ತು ರೂಪಾಯಿ ಸ್ವೀಕರಿಸಲಾಗಿದೆ ಎಂದಿತು.
ಅಷ್ಟರಲ್ಲೇ ಸೊಂಟದಲ್ಲಿ ಆರು ಹೊಡೆದುಕೊಂಡಿತು.
ಎರಡೂ ಕೈ ತುಂಬ ಸಿಪ್ಪೆ, ಕಿವಿರು, ನೆತ್ತರು.
ಮಗಳು ಸಂಚಿಯಿಂದ ತೆಗೆದು ಮುಖದ ಮುಂದೆ ಹಿಡಿದಳು.
ಶೇವಂತಿ ಬಗ್ಗಿದಳು,
ಮೂಗಿನಿಂದ ಒಮ್ಮೆ ಕುಟ್ಟಿ,
"ಹಾಂ, ಹೇಳು" ಅಂದಳು.