ಹನ್ನೆರಡೂವರೆ

ಭೈರಾಪುರದ ದೇವಸ್ಥಾನದ ಕಟ್ಟೆಯ ಮೇಲೆ ನಿಂತು
ಬೆಳಿಗ್ಗೆಯೇ ಹೇಳಿದ್ದೆ:
ಹನ್ನೆರಡೂವರೆಗೆ ಎಲ್ಲಿದ್ದೇವೋ ಅಲ್ಲಿಂದ ವಾಪಸ್.
ಎಲ್ಲರೂ ತಲೆಯಾಡಿಸಿದರು.
ಉಪ್ಪಿಟ್ಟು ತಿನ್ನುವಾಗ ಯಾರಾದರೂ ತಲೆಯಾಡಿಸುತ್ತಾರೆ.

ಹಾಸನದ ಸಹಕಾರಿ ಬ್ಯಾಂಕಿನವರು, ಹದಿನಾರು ಮಂದಿ.
ಮುಂದೆ ನಾನು, ಕೊನೆಯಲ್ಲಿ ದುಗ್ಗಪ್ಪ.
ಅವರು ನೋಟು ಎಣಿಸಿ ಬದುಕುವವರು,
ನಾನು ತಲೆ ಎಣಿಸಿ.
ಗೇಟಿನಲ್ಲಿ ಹದಿನೆಂಟು. ಹಳ್ಳ ದಾಟಿ ಹದಿನೆಂಟು.
ಹೊಗೆಸೊಪ್ಪಿನ ನೀರು ಬಳಿದುಕೊಂಡ ಮೂವತ್ತಾರು ಕಾಲು,
ಆದರೂ ಹುಡುಕಿಕೊಂಡು ಬರುವ ಜಿಗಣೆ.

ಕಾನಿನೊಳಗೆ ಲದ್ದಿ.
ಹಿಂಗೈ ಹತ್ತಿರ ಹಿಡಿದೆ, ಬಿಸಿ ಇರಲಿಲ್ಲ.
ದುಗ್ಗಪ್ಪ ಮುಂದೆ ಬಂದು ಕಾಲಲ್ಲಿ ಒಡೆದು ನೋಡಿ
‘ನಿನ್ನೇದು’ ಅಂದ. ಆಮೇಲೆ ತಡೆದು,
‘ನಿನ್ನೆ ಬೈಗಿಂದು.’
ಆ ಒಂದು ತಿದ್ದುಪಡಿಗೆ ನಾನು ಹತ್ತು ನಿಮಿಷ ಕೊಟ್ಟೆ:
ಮಾತಿಲ್ಲ, ಮೊಬೈಲಿಲ್ಲ,
ಎಲ್ಲಾದರೂ ಬೈನೆ ಮುರಿಯುವ ಸದ್ದು ಬಂದೀತೆಂದು
ಹದಿನೆಂಟು ಜನ ಕಿವಿಯಾಗಿ ನಿಂತೆವು.
ಯಾರದೋ ಹೊಟ್ಟೆ ಗುರ್ ಅಂದಿತು, ಅಷ್ಟೆ.

ಕಾಡು ಮುಗಿದು ಹುಲ್ಲಿಗೆ ಬಂದಾಗ
ಎಣಿಸಿದರೆ ಹದಿನೇಳು.
ಮತ್ತೆ ಎಣಿಸಿದರೂ ಹದಿನೇಳು.
ಬಾಯಿ ಒಣಗಿತು.
ನನ್ನನ್ನೇ ಎಣಿಸುವುದು ಮರೆತಿದ್ದೆ.
ನಗು ಬರಲಿಲ್ಲ.

ಎದುರಿಗೆ ಎತ್ತಿನ ಭುಜ.
ಹೆಸರಿಟ್ಟವರು ಎತ್ತು ಕಟ್ಟಿ ಗೊತ್ತಿದ್ದವರೇ ಇರಬೇಕು:
ಹಿಣಿಲಿನ ಮೇಲೆ ನೊಣ ಕೂತರೆ
ಅದು ತಿರುಗಿ ನೋಡುವುದಿಲ್ಲ, ಬಾಲವನ್ನೂ ಬೀಸುವುದಿಲ್ಲ,
ಬರೀ ಚರ್ಮವನ್ನು ಒಂದು ಸಲ ನಡುಗಿಸುತ್ತದೆ.

ಪಡುವಣದಲ್ಲಿ, ಶಿಶಿಲದ ಕಡೆಯಿಂದ,
ಕೃತ್ತಿಕೆಯ ಮೋಡ ಏರುತ್ತಿತ್ತು,
ಬುಡ ಕಪ್ಪು, ನೆತ್ತಿ ಹೂಕೋಸು.
ಮಿಂಚಿನಿಂದ ಗುಡುಗಿಗೆ ಎಣಿಸಿದೆ, ಇಪ್ಪತ್ತೆರಡು.
ಮುಂದಿನದಕ್ಕೆ ಹದಿನೈದು.
ಬಂಡೆಯ ತುದಿಗೆ ಇನ್ನೂರು ಹೆಜ್ಜೆ.
‘ವಾಪಸ್’ ಅಂದೆ.

ಮ್ಯಾನೇಜರ್ ಪದ್ಮರಾಜಯ್ಯ ಕೈಗಡಿಯಾರ ತೋರಿಸಿದರು:
‘ಮೇಡಂ, ಈಗಿನ್ನೂ ಹನ್ನೆರಡೂ ಇಪ್ಪತ್ತು.
ನೀವೇ ಕೊಟ್ಟ ಗಡುವು. ಹತ್ತು ನಿಮಿಷ ಬಾಕಿ ಇದೆ.’
ಬಾಕಿ ಇತ್ತು, ನಿಜ.
ಮೋಡಕ್ಕೆ ಆ ಒಪ್ಪಂದ ಗೊತ್ತಿರಲಿಲ್ಲ.
ಏನೂ ವಿವರಿಸಲಿಲ್ಲ ನಾನು. ವಿವರಿಸುತ್ತಾ ನಿಂತರೆ
ಹತ್ತು ನಿಮಿಷ ಅಲ್ಲಿಯೇ ಖರ್ಚಾಗುತ್ತಿತ್ತು.
ಮೊದಲು ತಿರುಗಿದವಳು ಗುಮಾಸ್ತೆ ಜಯಶೀಲಾ,
ಮೊಣಕಾಲಿನ ನೋವನ್ನು ಯಾರಿಗೂ ಹೇಳದೆ ಬಂದವಳು.
ಹಳ್ಳದಲ್ಲೇ ನೋಡಿದ್ದೆ ನಾನು. ನಾನೂ ಹೇಳಿರಲಿಲ್ಲ.

ಸಿಡಿಲು ಬೀಳಲಿಲ್ಲ.
ಬೇರೇನೋ ಕೆಲಸ ನೆನಪಾದವರ ಹಾಗೆ
ಮೋಡ ಚಾರ್ಮಾಡಿಯ ಕಡೆಗೆ ಸರಿದುಹೋಯಿತು.
ನಮ್ಮ ಹಿಂದೆಯೇ ಹತ್ತಿದ್ದ ಬೇರೊಂದು ಗುಂಪಿನ ಹುಡುಗರು
ತುದಿ ಮುಟ್ಟಿ, ಕೇಕೆ ಹಾಕಿ,
ಚಹಾದ ಅಂಗಡಿಯಲ್ಲಿ ನಮಗೇ ಫೋಟೋ ತೋರಿಸಿದರು.
ಒಣಗಿದ ಅಂಗಿ. ಒಳ್ಳೆಯ ಫೋಟೋ.
‘ಹಾಗಾದರೆ ಅರ್ಧ ದುಡ್ಡು ವಾಪಸ್ ಕೇಳಬಹುದಲ್ವಾ’
ಪದ್ಮರಾಜಯ್ಯ ನಗುತ್ತಲೇ ಕೇಳಿದರು.
ಆದರೆ ಕೇಳಿದರು.

ಬಾರದ ಸಿಡಿಲನ್ನು ಯಾರಿಗೆ ಅಂತ ತೋರಿಸಲಿ?
ಸತ್ತವರ ಲೆಕ್ಕ ಠಾಣೆಯಲ್ಲಿ ಸಿಗುತ್ತದೆ,
ಸಾಯದವರದು ಎಲ್ಲಿ ಬರೆದಿರುತ್ತಾರೆ?
ವ್ಯಾನು ಹೋದ ಮೇಲೆ ದುಗ್ಗಪ್ಪನಿಗೆ ಅಂದೆ,
‘ಆ ಹುಡುಗರು ಸುಖವಾಗೇ ಬಂದರಲ್ಲ.’
ಅವನು ಬೀಡಿ ಹಚ್ಚಿದ.
‘ಹಾವು ತುಳಿದೂ ಕಚ್ಚಿಸ್ಕೊಳ್ದೆ ಬಂದೋರು
ನಮ್ಮೂರಲ್ಲಿ ಬೇಕಾದಷ್ಟು ಜನ ಇದಾರೆ.
ಅದನ್ನ ದಾರಿ ಅಂತ ತೋರ್ಸಕ್ಕಾಗಲ್ಲ.’

ರಾತ್ರಿ ಮೂಡಿಗೆರೆಯ ಕೋಣೆಯಲ್ಲಿ
ಬೆರಳ ಸಂದಿಯ ಕೊನೆಯ ಜಿಗಣೆ ಕಿತ್ತು
ಪುಸ್ತಕ ತೆಗೆದೆ.
ಹೋದವರು ಹದಿನೆಂಟು. ಬಂದವರು ಹದಿನೆಂಟು.
ಗಾಯ: ಹಿಮ್ಮಡಿಯ ಬೊಕ್ಕೆ, ಒಂದು.
ಸಿಟ್ಟು: ಆರೇಳು ಮಂದಿಗೆ.
ಅನುಮಾನ: ನನಗೆ, ಈಗಲೂ.
ತುದಿ ಮುಟ್ಟಿದ ಸಮಯ ಎಂಬ ಖಾನೆಯಲ್ಲಿ
ಒಂದು ಅಡ್ಡಗೆರೆ ಎಳೆದೆ.