ಏಳು ಸಾಲು

ಸೋಮವಾರ ಬಿಶ್ಕೆಕ್‌ನಲ್ಲಿ ಸಚಿವರು
ಅನಾರ್ಕುಲ್‌ಳ ಕೋಟಿಗೆ ಪದಕ ಚುಚ್ಚಿದರು.
ಸೂಜಿ ಒಳಗಿನ ಉಣ್ಣೆಗೂ ತಾಗಿತು; ನಕ್ಕಳು.
ಇನ್ನು ವರ್ಷವಿಡೀ ಅವಳು ಗಣಿತದ ರಾಯಭಾರಿ.
ಯಾವ ದೇಶದಿಂದ ಯಾವ ದೇಶಕ್ಕೋ
ಯಾರೂ ಹೇಳಲಿಲ್ಲ.

ಆಮೇಲೆ ಬರೀ ದಾರಿ.
ವ್ಯಾನಿನ ಹಿಂದಿನ ಸೀಟು, ತೊಡೆಯ ಮೇಲೆ ಉತ್ತರಪತ್ರಿಕೆ,
ಕಣಿವೆಯ ತಿರುವಿಗೊಮ್ಮೆ ಕೆಂಪು ಶಾಯಿ ಜಾರಿ
ಪಾಪ, ಸರಿಯುತ್ತರಕ್ಕೂ ಗಾಯ.
ಮೂರು ಶಾಲೆ, ಐದು ಭಾಷಣ, ಅದೇ ಹಾರ್ದಿಕ ಸ್ವಾಗತ,
ಎಲ್ಲೆಲ್ಲೂ ಚಹಾ, ಬೋರ್ಸೋಕಿನ ರಾಶಿ.
ಬುಧವಾರವೋ ಗುರುವಾರವೋ, ಕೊಚ್ಕೋರ್‌ನಲ್ಲಿ
ಕೊನೆಯ ಬೆಂಚಿನ ಹುಡುಗನೊಬ್ಬ ಕೇಳಿದ:
"ನೀವಿಲ್ಲಿದ್ದರೆ, ನಿಮ್ಮ ಮಕ್ಕಳಿಗೆ
ಈಗ ಪಾಠ ಯಾರು ಮಾಡ್ತಿದ್ದಾರೆ?"
ಹೆಡ್‌ಮಾಸ್ತರು ಕೆಮ್ಮಿದರು. ಫೋಟೋದವನು ಬೆಳಕು ಹೊಡೆದ.

ಶನಿವಾರ ಸಂಜೆ ನರಿನ್. ಮೊಣಕಾಲುದ್ದ ಹಿಮ.
ಮನೆಗೆ ಹೋಗದೆ ಶಾಲೆಯ ಬೀಗ ತೆಗೆಸಿದಳು.
ಒಲೆ ಆರಿತ್ತು. ಬೋರ್ಡಿನ ಮೇಲೆ
ಹೋಗುವ ಮುನ್ನ ಅರ್ಧಕ್ಕೆ ಬಿಟ್ಟ ಸಮೀಕರಣ,
ಒರೆಸಿಲ್ಲ ಯಾರೂ.
ಅದರ ಕೆಳಗೆ ಬೇರೆ ಬೇರೆ ಕೈಬರಹದ ಏಳು ಸಾಲು;
ಮೂರನೆಯದರಲ್ಲೇ ಋಣಚಿಹ್ನೆ ಬಿದ್ದುಹೋಗಿ
ಉತ್ತರ ಪೂರ್ತಿ ತಪ್ಪು.

ಸೀಮೆಸುಣ್ಣ ಎತ್ತಿಕೊಂಡಳು.
ಬರೆಯಲಿಲ್ಲ.
ಸೋಮವಾರದವರೆಗೆ ಇರಲಿ ಅಂತ
ಬಾಗಿಲು ಮೆಲ್ಲಗೆ ಎಳೆದುಕೊಂಡಳು.

ಪದಕ ನೆನಪಾದದ್ದು
ಹಾಲು ಕರೆಯಲು ಕೂತಾಗ;
ತಣ್ಣಗೆ ಪಕ್ಕೆಗೆ ತಗುಲಿ
ಹಸು ಒದ್ದಾಗ.